ಆಲ್ಮಾಳ ಲೊಂಗ್‌ಹೋಲ್ಮ್‌ಗೆ ಹೋದ ಸಂದೇಶ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನಾಗು ದ್ವೀಪದ ಹಳೆಯ ಅಂಚೆಮನೆಯಲ್ಲಿ ಗುನ್‌ವೋರ್ ಸುಂಡ್‌ಮನ್ ಕಾಫಿ ಲೋಟ ಪಕ್ಕಕ್ಕಿಟ್ಟು ಕಂಪ್ಯೂಟರಿನತ್ತ ಬಗ್ಗಿದ್ದಾರೆ. ಕರೆದರೆ ಬರುವ ದೋಣಿಗಳ ಸಂದೇಶ ವ್ಯವಸ್ಥೆ ಇವರ ಸುಪರ್ದಿಯಲ್ಲಿದೆ. ದೋಣಿ ಯಾವಾಗ ಬರುತ್ತದೆಂಬ ಸುದ್ದಿ ನಾಲ್ಕಾರು ಊರಿನ ಯಂತ್ರಗಳನ್ನು ಹಾದು ದ್ವೀಪದವರ ಫೋನು ಸೇರುತ್ತದೆ. ಸೇರಿದರೆ ಇವರನ್ನು ನೆನೆಯುವವರಿಲ್ಲ, ತಡವಾದರೆ ಮಾತ್ರ ಬೈಗುಳ.

ಈ ಸಲ ಬಿರುಗಾಳಿ ಶುರುವಾದ ಮೇಲೆ ಬೈಗುಳಕ್ಕೆ ಬರವಿರಲಿಲ್ಲ. ಡಯಾಲಿಸಿಸ್‌ಗೆಂದು ಓಬು ಪಟ್ಟಣಕ್ಕೆ ಹೋಗುವ ಕುರಿಗಾಹಿ ಎಡಿತ್‌ಗೆ ಎರಡು ಬಾರಿ ದೋಣಿ ತಪ್ಪಿತು. ಗಾಳಿಗೆ ಹೆದರಿ ದೋಣಿ ಬೇಗ ಬಂದು ಹೋಗಿತ್ತು, ಆ ಸುದ್ದಿ ಆಮೇಲೆ ಬಂತು. ಇನ್ನೊಮ್ಮೆ ತಪ್ಪಿದರೆ ದ್ವೀಪ ಬಿಟ್ಟು ಪಟ್ಟಣಕ್ಕೇ ಬಂದು ನೆಲೆಸಿ ಎಂದುಬಿಟ್ಟರು ವೈದ್ಯರು.

"ಯಂತ್ರ ಹೆಚ್ಚಿಸಿದ್ವಿ, ಏನೂ ಆಗ್ಲಿಲ್ಲ. ಉಳಿದವ್ರಿಗೆಲ್ಲ ಥಟ್ಟಂತ ಹೋಗ್ತಿತ್ತು. ಬೈಯೋಕೆ ಫೋನ್ ಮಾಡಿದೋರನ್ನ ಯಾವ ದ್ವೀಪ ಅಂತ ಕೇಳಿದ್ರೆ, ಎಲ್ರೂ ಲೊಂಗ್‌ಹೋಲ್ಮ್ ಅಂತಾರೆ" ಎಂದು ಗುನ್‌ವೋರ್ ನಗುತ್ತಾರೆ.

ಉದ್ದಗಿದ್ದ ದ್ವೀಪಕ್ಕೆಲ್ಲ ಲೊಂಗ್‌ಹೋಲ್ಮ್, ಅಂದರೆ ಉದ್ದ ದ್ವೀಪ, ಎಂದೇ ಹೆಸರಿಟ್ಟ ಜನ ನಾವು. ಸಂದೇಶಗಳನ್ನು ಬೇರೆ ಬೇರೆ ಸಾಲಿಗೆ ಹಂಚುತ್ತಿದ್ದುದು ದ್ವೀಪದ ಹೆಸರಿನ ಮೇಲೆ. ಹಾಗಾಗಿ ಎಡಿತ್ ಇರುವುದೂ ಸೇರಿ ಅಷ್ಟೂ ಲೊಂಗ್‌ಹೋಲ್ಮ್‌ಗಳು ಒಂದೇ ಸಾಲಿನಲ್ಲಿ ನಿಂತಿದ್ದವು. ಸಿಗ್ನಲ್ ಸಿಗದ ಒಂದು ಫೋನು ಉತ್ತರ ಕೊಡುವವರೆಗೆ ಹಿಂದಿನವರೆಲ್ಲ ಕಾಯಬೇಕಿತ್ತು. ಉಳಿದ ಸಾಲುಗಳು ಖಾಲಿ ಹೊಡೆಯುತ್ತಿದ್ದವು.

ಗುನ್‌ವೋರ್ ಅವರ ತಾಯಿ ಸಿಗ್ನೆ ಅಡುಗೆಮನೆಯಲ್ಲೇ ಟೆಲಿಫೋನ್ ಎಕ್ಸ್‌ಚೇಂಜ್ ನಡೆಸಿದವರು. ಲೊಂಗ್‌ಹೋಲ್ಮ್ ಕೊಡಿ ಅಂದರೆ "ಯಾರದ್ದು? ಆಲ್ಮಾಳದ್ದೋ, ಕುಂಟ ಫ್ರಿಥ್ಯೋಫಂದೋ?" ಎಂದು ಕೇಳುತ್ತಿದ್ದರು. ಆ ದನಿಯ ಹಿಂದೆ ಮೀನು ಹುರಿಯುವ ಸದ್ದೂ ಕೇಳುತ್ತಿತ್ತು.

ಗುನ್‌ವೋರ್ ಈಗ ಹಂಚಿಕೆಗೆ ತಾಯಿ ಕರೆಯುತ್ತಿದ್ದ ಹೆಸರುಗಳನ್ನೇ ಬಳಸಿದ್ದಾರೆ. ಇಂದು ಅದರ ಮೊದಲ ಬೆಳಗು, ಹೊರಗೆ ಗಾಳಿ ಜೋರಾಗಿದೆ. ಎಡಿತ್‌ಗೆ ಸಂದೇಶ ಹೋದ ಸ್ವಲ್ಪ ಹೊತ್ತಿಗೇ ಫೋನು ಬಡಿದುಕೊಳ್ಳುತ್ತದೆ. ಗುನ್‌ವೋರ್ ಸ್ಪೀಕರ್ ಒತ್ತುತ್ತಾರೆ.

"ಸುದ್ದಿ ಬಂತು ಕಣೇ. ದಡದಲ್ಲಿ ನಿಂತಿದೀನಿ, ದೋಣಿ ಇನ್ನೂ ದೂರದಲ್ಲಿದೆ. ಆದ್ರೆ ಇದೇನು, ಆಲ್ಮಾಳ ಲೊಂಗ್‌ಹೋಲ್ಮ್ ಅಂತ ಬಂದಿದೆ? ನಮ್ಮತ್ತೆ ಹೋಗಿ ಎಷ್ಟು ಕಾಲ ಆಯ್ತು. ಕುರಿ ಹಿಂದೆ ಓಡ್ತಿರೋಳು ನಾನು, ಹೆಸರು ಮಾತ್ರ ಅವ್ಳದ್ದಾ?"

"ಬದಲಾಯಿಸ್ಲಾ, ಎಡಿತಕ್ಕ?"



"ಬೇಡ, ಇರ್ಲಿ ಬಿಡು. ನಿಮ್ಮಮ್ಮನೇ ಫೋನ್ ಎತ್ತಿದ ಹಾಗಾಯ್ತು."

ಗುನ್‌ವೋರ್ ಫೋನಿಟ್ಟು ಆರಿದ ಕಾಫಿ ಎತ್ತಿಕೊಳ್ಳುತ್ತಾರೆ. ಇನ್ನೇನು ಆಸೆ ಇದೆ ಎಂದು ಕೇಳುತ್ತೇನೆ.

"ಅಮ್ಮ ಮಾಡ್ತಿದ್ದಿದ್ದೂ ಇಷ್ಟೇ. ದೋಣಿಗಿಂತ ಮೊದ್ಲು ಮಾತು ಹೋಗ್ಬೇಕು."