ಓರೆ ನಿಂತ ನೀರು, ಕಾಡಿಗೆಯ ಬೊಟ್ಟು

ನಮ್ಮ ಮನೆಯಲ್ಲಿ ತೊಟ್ಟಿಲು ಕಟ್ಟಿ ಎಷ್ಟೋ ವರ್ಷಗಳಾದವು. ಆದರೂ ನನ್ನ ಸಂಚಿಯಲ್ಲಿ, ಅಡಿಕೆಯ ಚೂರು ಮತ್ತು ಬಸ್ಸಿನ ಹಳೆಯ ಟಿಕೆಟುಗಳ ನಡುವೆ, ಕಾಡಿಗೆಯ ಒಂದು ಪುಟ್ಟ ಡಬ್ಬಿ ಇದ್ದೇ ಇರುತ್ತದೆ. ಅದನ್ನು ಕಂಡಾಗಲೆಲ್ಲ ನೀವು ಮೊಮ್ಮಕ್ಕಳು ನಗುತ್ತೀರಿ. ಏನು ಮಾಡಲಿ, ಚೆಂದದ್ದನ್ನು ಕಂಡರೆ ಅದರ ಪಾಡಿಗೆ ಬಿಡುವ ಜಾಯಮಾನ ನಮ್ಮ ಕಡೆಯವರದ್ದಲ್ಲ. ಹೊಸ ಮನೆಗೆ ಬೂದುಗುಂಬಳ, ಬೆಳೆದ ಹೊಲಕ್ಕೆ ಸುಣ್ಣದ ಚುಕ್ಕೆಯಿಟ್ಟ ಕರಿಮಡಕೆ, ಮಗುವಿನ ಕೆನ್ನೆಗೆ ಕಾಡಿಗೆಯ ಬೊಟ್ಟು. ಇವು ಕೈಯಿಂದ ಇಡುವ ಬೊಟ್ಟುಗಳಾದವು. ಬಾಯಿಂದ ಇಡುವುದು ಇನ್ನೊಂದಿದೆ. ಕೂಸು ಮುದ್ದಾಗಿದ್ದರೆ ‘ಥೂ, ಕಾಗೆಮರಿ’ ಎನ್ನಬೇಕು, ಹಸು ಚೆನ್ನಾಗಿ ಹಾಲು ಕರೆಯುತ್ತಿದ್ದರೆ ‘ಎಲ್ಲಿ, ಬತ್ತಿಹೋಗಿದೆ’ ಎನ್ನಬೇಕು. ಮೆಚ್ಚಿದರೆ ದೃಷ್ಟಿ ತಾಗುತ್ತದೆ, ಹಳಿದರೆ ತಾಗುವುದಿಲ್ಲ.

ಈ ಶಾಸ್ತ್ರದಲ್ಲಿ ನಾನು ಪಂಡಿತೆ. ಸೊರಬದ ಕಡೆಯ ಹೊಸಬಾಳೆ ನನ್ನ ತವರು. ಅಲ್ಲಿಯ ಶಾಲೆಯಲ್ಲಿ ಮೇಷ್ಟ್ರು ನನ್ನ ದುಂಡಕ್ಷರವನ್ನು ತರಗತಿಗೆಲ್ಲ ತೋರಿಸಿದ ದಿನ, ಅವ್ವ ನನ್ನ ಸ್ಲೇಟನ್ನು ಹಿಂದೆಮುಂದೆ ತಿರುಗಿಸಿ ‘ಕೋಳಿ ಕೆದರಿದಂಗೈತೆ’ ಎಂದಳು. ನಾನು ಹಿಗ್ಗಿ ಅಂಗಳದಲ್ಲಿ ಎರಡು ಸುತ್ತು ಓಡಿದೆ. ಏಳನೆಯ ತರಗತಿಗೆ ಓದು ನಿಂತಿತು, ಈ ವಿದ್ಯೆ ನಿಲ್ಲಲಿಲ್ಲ.

ನಿಮ್ಮ ಸಿಂಚನಕ್ಕನ ಫೋಟೋ ಹುಚ್ಚು ನಿಮಗೆ ಗೊತ್ತೇ ಇದೆ. ಮದುವೆಗೆ ಹೋಗಿ, ಮದುಮಕ್ಕಳನ್ನು ಬಿಟ್ಟು ಛತ್ರದ ಹಿಂದಿನ ಗುಡ್ಡದ ಫೋಟೋ ತೆಗೆದು ಬಂದ ಹುಡುಗಿ ಅವಳು. ಅವಳ ಫೋನಿನಲ್ಲಿ ಇಂಥದೇ ಹುಚ್ಚಿನವರ ಗುಂಪೊಂದಿದೆ. ಒಬ್ಬರ ಚಿತ್ರವನ್ನು ಇನ್ನೊಬ್ಬರು ನೋಡಿ, ಮೊದಲು ಒಪ್ಪನ್ನು ಹೇಳಿ, ಆಮೇಲೆ ತಪ್ಪನ್ನು ಹೇಳಿ, ತಿದ್ದುವ ದಾರಿಯನ್ನೂ ತೋರಿಸಬೇಕಂತೆ. ಅದಕ್ಕೆ ಫೀಡ್‌ಬ್ಯಾಕ್ ಎನ್ನುತ್ತಾರೆ. ನಾನು ಅದನ್ನು ‘ಫೀಡು ಬ್ಯಾಗು’ ಎಂದು ಕೇಳಿಸಿಕೊಂಡು, ದನದ ಹಿಂಡಿಯ ಚೀಲಕ್ಕೆ ಈ ಮಕ್ಕಳು ಇಷ್ಟೇಕೆ ಕಾಯುತ್ತಾರೆ ಎಂದು ಬಹಳ ದಿನ ಬೆರಗಾಗಿದ್ದೆ.

ಕಾಲೇಜಿನ ಪ್ರದರ್ಶನಕ್ಕೆ ಕೊಡಲೆಂದು ಅವಳು ಅಂಜನಾಪುರದ ಜಲಾಶಯವನ್ನು ಬೆಳಗಿನ ಜಾವದಲ್ಲಿ ಹಿಡಿದಿದ್ದಳು. ಲ್ಯಾಪ್‌ಟಾಪನ್ನು ನನ್ನ ಮುಂದಿಟ್ಟು, ಹೇಗಿದೆ ಹೇಳು ಎಂದಳು. ನೀರಿನ ಮೇಲೆ ಮಂಜು, ಒಂಟಿ ಬೋಳುಮರ, ಆಚೆ ದಡದಲ್ಲಿ ಆಗಷ್ಟೇ ಹತ್ತಿದ ಬೆಳಕು. ಒಂದು ಕ್ಷಣ ನನಗೆ ಉಸಿರೇ ನಿಂತಿತು. ನಿಂತದ್ದರಿಂದಲೇ ಗಾಬರಿಯಾಗಿ, ಶಾಸ್ತ್ರ ತಪ್ಪದಂತೆ ಬೊಟ್ಟು ಇಟ್ಟೆ.

“ಏನೋ ಮಸಿ ಬಳಿದಂಗೈತೆ. ಇದನ್ನ ಯಾರು ನೋಡ್ತಾರೆ ಬಿಡು.”

ಅವಳು ‘ಹೌದಾ’ ಎಂದಷ್ಟೇ ಹೇಳಿ ಎದ್ದುಹೋದಳು. ನಾನು ಅವ್ವನ ಸ್ಲೇಟನ್ನು ನೆನೆದು ಒಳಗೊಳಗೇ ಬೀಗಿದೆ.

ಎರಡು ದಿನ ಕಳೆದ ಮೇಲೆ, ಅಕ್ಕಿ ಆರಿಸುತ್ತ ಕೂತಿದ್ದಾಗ ಸೊಸೆ ಹೇಳಿದಳು: ಸಿಂಚನ ಪ್ರದರ್ಶನದಿಂದ ಹೆಸರು ತೆಗೆಸಿದ್ದಾಳೆ, ಕ್ಯಾಮೆರಾವನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನ ಮೇಲಿಟ್ಟಿದ್ದಾಳೆ. ಮೊರ ನನ್ನ ಕೈಯಿಂದ ಜಾರಿತು. ಅಕ್ಕಿಯನ್ನು ದಾಟಿಕೊಂಡು ಅವಳ ಕೋಣೆಗೆ ಹೋಗಿ ಯಾಕೆ ಎಂದು ಕೇಳಿದೆ. ಅವಳು ಪುಸ್ತಕದಿಂದ ತಲೆ ಎತ್ತಲಿಲ್ಲ.

“ಗ್ರೂಪಲ್ಲಿ ಎಲ್ರೂ ಸೂಪರ್ ಅಂತ ಹಾಕ್ತಾರೆ ಅಜ್ಜಿ, ಮುಖ ನೋಡಿ. ನೀನು ಮಾತೇ ಆಡಲ್ಲ, ಆಡಿದ್ರೆ ಸುಳ್ಳು ಹೇಳಲ್ಲ ಅಂತ ನಿನ್ನ ಕೇಳಿದ್ದು.”

ಮಕ್ಕಳೇ, ನೆಂಟರ ಮುಂದೆ ಬಾಗಿಲ ಸಂದಿಯಲ್ಲೇ ನಿಂತು ಅರ್ಧ ಆಯುಷ್ಯ ಕಳೆದವಳ ಮಾತಿಗೆ ಇಷ್ಟು ತೂಕವಿದೆಯೆಂದು ನನಗೆ ಯಾರೂ ಹೇಳಿರಲಿಲ್ಲ. ಅದಕ್ಕಿಂತ ದೊಡ್ಡ ಪೆಟ್ಟು ಅದರ ಬೆನ್ನಿಗೇ ಬಿತ್ತು. ನಿಮ್ಮ ಅಜ್ಜನ ಬದು ನೆನಪಾಯಿತು.

ಮದುವೆಯಾದ ಮೊದಲ ವರ್ಷ ಅವರು ನಮ್ಮ ನಾಲೆ ಕೆಳಗಿನ ಗದ್ದೆಗೆ ಹೊಸ ಬದು ಹಾಕಿ, ನನ್ನನ್ನು ಕರೆದು ತೋರಿಸಿದ್ದರು. ದಾರ ಹಿಡಿದಂತೆ ನೆಟ್ಟಗಿತ್ತು. ನಾನು ‘ಹಾವು ಹರಿದಂಗೈತಲ್ಲ’ ಎಂದೆ. ಮಾರನೆಯ ದಿನ ಬುತ್ತಿ ಒಯ್ದಾಗ ನೋಡಿದರೆ ಅವರು ಅದೇ ಬದುವನ್ನು ಕಡಿದು ಮತ್ತೆ ಕಟ್ಟುತ್ತಿದ್ದರು. ಎಂಥ ಓರಣದ ಮನುಷ್ಯ ಎಂದು ಮನಸ್ಸಿನಲ್ಲೇ ಮೆಚ್ಚಿ, ಬಾಯಲ್ಲಿ ‘ಈಗಲೂ ಡೊಂಕೇ’ ಎಂದಿದ್ದೆ. ಆಮೇಲೆ ಅವರು ನನಗೆ ಯಾವ ಕೆಲಸವನ್ನೂ ಕರೆದು ತೋರಿಸಲಿಲ್ಲ. ಅವರಿಗೂ ನಮ್ಮ ರೂಢಿ ಗೊತ್ತು ಎಂದೇ ನಂಬಿದ್ದೆ. ಗೊತ್ತಿತ್ತೋ ಇಲ್ಲವೋ, ಈಗ ಕೇಳೋಣವೆಂದರೆ ಅವರಿಲ್ಲ. ಅವರು ಕಟ್ಟಿದ್ದು ಗೆರೆ ಎಳೆದ ಹಾಗಿತ್ತು ಎಂಬ ಮಾತು ನನ್ನ ಬಾಯಲ್ಲೇ ಉಳಿದು ಹಳಸಿತು.

ಸಿಂಚನಳ ಮಂಚದ ತುದಿಯಲ್ಲಿ ಕೂತು, ನಾನು ಆಡಿದ್ದು ದೃಷ್ಟಿಬೊಟ್ಟಿನ ಮಾತು, ನಿಜವಲ್ಲ ಎಂದು ತಡವರಿಸುತ್ತ ಹೇಳಿದೆ. ಅವಳಿಗೆ ನಗು ಬರಲಿಲ್ಲ. ಹಾಗಾದರೆ ನಿಜ ಏನು, ನಿಜವಾಗಿ ನೋಡಿ ಹೇಳು ಎಂದು ಚಿತ್ರವನ್ನು ಮತ್ತೆ ತೆರೆದಳು.

ದೃಷ್ಟಿಗೆ ಇಷ್ಟು ಅಂಜಿದವಳು ದೃಷ್ಟಿಯಿಟ್ಟು ನೋಡಿದ್ದು ಅದೇ ಮೊದಲೇನೋ. ಮಂಜು ನೀರನ್ನು ಮುಟ್ಟುವ ಜಾಗ ಹಾಲು ಉಕ್ಕುವ ಮುಂಚಿನ ಹಾಗೆ ನಡುಗುತ್ತಿದೆ ಎಂದೆ. ಬೋಳುಮರವನ್ನು ನಡುವೆ ನಿಲ್ಲಿಸದೆ ಪಕ್ಕಕ್ಕೆ ಬಿಟ್ಟದ್ದು ಒಳ್ಳೆಯದಾಯಿತು, ನನ್ನ ಹಾಗೆ ಬಾಗಿಲ ಸಂದಿಯಲ್ಲಿ ನಿಂತಿದೆ ಎಂದೆ. ಅವಳ ಮುಖ ಸ್ವಲ್ಪ ಅರಳಿತು. ಆಗಲೇ ನನ್ನ ಕಣ್ಣಿಗೆ ಒಂದು ತಪ್ಪೂ ಬಿತ್ತು. ಹೇಳಿದರೆ ಕ್ಯಾಮೆರಾ ಬೀರುವಿನಿಂದ ಇನ್ನೆಂದೂ ಇಳಿಯದೇ ಹೋಗಬಹುದು. ಹೇಳದಿದ್ದರೆ ನಾನೂ ಸೂಪರ್ ಎನ್ನುವವರ ಸಾಲಿಗೇ ಸೇರಿದೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಕೊನೆಗೆ ಬಾಯಿಬಿಟ್ಟೆ.

“ನೀರು ಓರೆ ನಿಂತೈತಲ್ಲವ್ವ.”

“ಎಲ್ಲಿ?”

“ಆಚೆ ದಡ ನೋಡು, ಎಡಕ್ಕೆ ಇಳಿದೈತೆ. ಗದ್ದೆ ಮಟ್ಟ ಮಾಡಿ ಎಷ್ಟು ವರ್ಷ ನೀರು ನಿಲ್ಲಿಸೀನಿ, ನಿಂತ ನೀರು ಹಿಂಗೆ ಇರಲ್ಲ.”

ಅವಳು ತಂಗಿಯ ಕಂಪಾಸ್ ಪೆಟ್ಟಿಗೆಯಿಂದ ಅಡಿಪಟ್ಟಿ ತಂದು ಪರದೆಗೆ ಒತ್ತಿ ಹಿಡಿದಳು. ಎಡಕ್ಕೆ ಒಂದು ಅಕ್ಕಿಕಾಳಿನಷ್ಟು ಇಳಿದಿತ್ತು. ಅವಳು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಗುಂಪಿನ ಅಷ್ಟು ಜನರಲ್ಲಿ ಒಬ್ಬರಿಗೂ ಕಾಣದ್ದು ಚಾಳೀಸು ಹಾಕಿದ ನನ್ನ ಕಣ್ಣಿಗೆ ಕಂಡದ್ದಕ್ಕೆ ಅವಳಿಗಿಂತ ಹೆಚ್ಚು ಬೆಚ್ಚಿದವಳು ನಾನು. ಇನ್ನು ಅಳುತ್ತಾಳೆ ಎಂದುಕೊಂಡೆ. ಅವಳು ಗಹಗಹಿಸಿ ನಕ್ಕು, ಬೆರಳಿನಿಂದ ಚಿತ್ರವನ್ನು ಕೂದಲೆಳೆಯಷ್ಟು ತಿರುಗಿಸಿದಳು. ಜಲಾಶಯದ ನೀರು ಬಂದು ತನ್ನ ಮಟ್ಟಕ್ಕೆ ನಿಂತಿತು. ಆಮೇಲೆ ಫೋನು ಎತ್ತಿಕೊಂಡು, ತೆಗೆಸಿದ ಹೆಸರನ್ನು ಮತ್ತೆ ಸೇರಿಸಿ ಎಂದು ಮೇಡಂ ಒಬ್ಬರನ್ನು ಗೋಗರೆದಳು.

ಪ್ರದರ್ಶನಕ್ಕೆ ನನ್ನನ್ನೂ ಎಳೆದುಕೊಂಡು ಹೋದಳು. ಶಿಕಾರಿಪುರದ ಅಷ್ಟು ಜನರ ನಡುವೆ ನಾನು ಎಂದಿನಂತೆ ಕಂಬದ ಮರೆ ಹುಡುಕುತ್ತಿದ್ದೆ. ಅವಳು ಬಿಡದೆ ಚಿತ್ರದ ಮುಂದೆ ನಿಲ್ಲಿಸಿ, “ಈಗ ಹೇಳು” ಎಂದಳು.

ಕಾಗೆಮರಿ, ಮಸಿ, ಕೋಳಿ ಎಲ್ಲವೂ ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತವು. ಅವುಗಳನ್ನು ಹಿಂದಕ್ಕೆ ನುಂಗಿ, “ಭಾಳ ಚೆನ್ನಾಗೈತೆ” ಎಂದೆ. ನನ್ನ ದನಿ ಅಷ್ಟು ಗಟ್ಟಿ ಎಂದು ನನಗೇ ಗೊತ್ತಿರಲಿಲ್ಲ, ಪಕ್ಕದ ನಾಲ್ಕು ಜನ ತಿರುಗಿ ನೋಡಿದರು. ಅಷ್ಟೂ ಕಣ್ಣುಗಳು ನಮ್ಮ ಮೇಲೆ. ಸಂಚಿಯೊಳಗೆ ಕೈಹಾಕಿ ಟಿಕೆಟುಗಳ ನಡುವೆ ತಡಕಿ ಡಬ್ಬಿ ತೆಗೆದೆ. ಚಿತ್ರವನ್ನು ಅದರ ಪಾಡಿಗೆ ಬಿಟ್ಟು, ಅವಳ ಕಿವಿಯ ಹಿಂದೆ ಒಂದು ಬೊಟ್ಟು ಇಟ್ಟೆ.