ಒಡ್ಡಿನ ಕಲ್ಲು ಮತ್ತು ಕರ್ತನ ಬರೋಣ

ಕಾಕು ಬರೆಸಿದ ಕಾಗದದಲ್ಲಿ ಎರಡೇ ಸಾಲುಗಳಿದ್ದವು. "ನಿಮ್ಮ ಕಾಕಾ ಒಡ್ಡಿನ ಕಲ್ಲು ಕಿತ್ತಾರ. ಉತ್ತರಿ ಮಳಿ ಬರೂದ್ರೊಳಗ ಬಾ." ಶನಿವಾರ ನಾನು ಕಲಿಸುವ ಶಾಲೆಗೆ ರಜೆ ಹಾಕಿ ಗದಗಿನಲ್ಲಿ ಪ್ಯಾಸೆಂಜರ್ ಗಾಡಿ ಹತ್ತಿದೆ.

ಬಾದಾಮಿಯಲ್ಲಿ ಗುಹೆ ನೋಡಲು ಬಂದವರ ಜೊತೆ ಟಾಂಗಾದಲ್ಲಿ ಬಸ್ ನಿಲ್ದಾಣ ಸೇರಿದೆ. ಅವರು ಗುಡ್ಡ ನೋಡುತ್ತಿದ್ದರು, ನಾನು ಮೋಡ ನೋಡುತ್ತಿದ್ದೆ. ಹುನಗುಂದದ ಬಸ್ಸಿಗೆ ನಾಲ್ಕು ರೂಪಾಯಿ. ಗುಳೇದಗುಡ್ಡದಲ್ಲಿ ಕುಪ್ಪಸದ ಖಣದ ಗಂಟುಗಳನ್ನು ಮೇಲೇರಿಸಲು ಅರ್ಧ ತಾಸು ನಿಲ್ಲಿಸಿದರು. ಕಂಡಕ್ಟರ್ ಅವುಗಳಿಗೆ ತಾಡಪತ್ರಿ ಹೊದಿಸಿ ಇಳಿದು, "ಇವತ್ತಿಲ್ಲ ನಾಳೆ ಹೊಡೀತೈತ್ರಿ ಮಳಿ" ಅಂದ. ಅಮೀನಗಡದಲ್ಲಿ ಕರದಂಟು ಕೊಂಡು ಪೊಟ್ಟಣ ಅಂಗಡಿಯಲ್ಲೇ ಬಿಟ್ಟು ಬಂದೆ. ಅಂಗಡಿಯವ ಓಡಿಬಂದು ಕಿಟಕಿಯಲ್ಲಿ ಕೊಟ್ಟ.

ಕಾಕಾನ ಊರು ಹುನಗುಂದದಿಂದ ಇಳಕಲ್ಲಿನ ದಾರಿಯಲ್ಲಿದೆ. ಸಾಮುವೇಲ ಕಾಕಾ ನನ್ನ ತಂದೆಯ ತಮ್ಮ, ಅಲ್ಲಿನ ಹತ್ತು ಮನೆಗಳ ಕ್ರೈಸ್ತ ಸಭೆಗೆ ಹಿರಿಯ. ಬೇಸಿಗೆಯಲ್ಲಿ ಬಂದ ಬೋಧಕರೊಬ್ಬರು ಕಡೇ ದಿನಗಳು ಬಂದವೆಂದು ಹೇಳಿ ಹೋದಂದಿನಿಂದ ಅವರಿಗೆ ಅದೇ ಗುಂಗು. ಇಳಿಜಾರಿನ ಎರೆಹೊಲದ ಮಣ್ಣನ್ನು ಹಿಡಿದಿಟ್ಟದ್ದು ನನ್ನಜ್ಜ ಹಾಕಿದ ಒಡ್ಡು. ಹೆಚ್ಚಾದ ನೀರು ಮೆಲ್ಲಗೆ ಇಳಿದುಹೋಗಲೆಂದು ಅದಕ್ಕೊಂದು ಕಲ್ಲಿನ ಬಾಯಿ. ಕಾಕಾ ಆ ಕಲ್ಲುಗಳನ್ನೇ ಕಿತ್ತು, ಕರ್ತನನ್ನು ಎದುರುಗೊಳ್ಳಲು ದಿನ್ನೆಯ ಮೇಲೆ ಕಟ್ಟೆ ಕಟ್ಟಿಸಿದ್ದರು. ಒಡ್ಡಿನಲ್ಲಿ ಈಗ ಚಕ್ಕಡಿ ಹಾಯುವಷ್ಟು ಕಂಡಿ. ನೋಡಿ ನನಗೆ ಅಳು ಬಂತು.

"ಕಾಕಾ, ಒಂದು ಮಳಿ ಸಾಕು, ಮಣ್ಣೆಲ್ಲಾ ಹಳ್ಳ ಸೇರ್ತೈತಿ" ಅಂದೆ.

"ಸೇರ್ಲಿ ಬಿಡು ಮಗಳ. ಭೂಮಿನ ಸುಟ್ಟು ಹೋಗೂದೈತಿ. ಸುಗ್ಗಿಗಿಂತ ಮೊದಲ ಕರ್ತ ಬರ್ತಾನ." ಮಾತಾಡುವಾಗಲೂ ಅವರ ಕಣ್ಣು ಆಕಾಶದ ಕಡೆಗೇ.

ಕೆಳಗಿನ ಹೊಲದ ಹುಸೇನಸಾಬ ಅಲ್ಲೇ ನಿಂತಿದ್ದ. "ಹಿರ್ಯಾರ, ನಿಮ್ಮ ನೀರು ನನ್ನ ಒಡ್ಡನ್ನೂ ಒಡೀತೈತ್ರಿ. ನಮ್ಮಲ್ಲೂ ಕಯಾಮತ್ ಅಂತ ಕಡೀ ದಿನ ಐತಿ. ಹಂಗಂತ ನಾ ಹೊಲ ಬಿಟ್ಟೇನೇನ್ರಿ?"

ಸಂಜೆ ಊಟಕ್ಕೆ ರೊಟ್ಟಿ, ಹೆಸರುಕಾಳಿನ ಪಲ್ಯ. ಬಡಿಸುತ್ತಿದ್ದ ಕಾಕು ತಲೆ ಎತ್ತದೆ ಕೇಳಿದರು. "ಹೊಲ ಕರ್ತನದ ಅಂತ ನೀವ ಹೇಳ್ತೀರಿ. ಬಂದು 'ನನ್ನ ಹೊಲ ಎಲ್ಲೈತಿ' ಅಂದ್ರ, ಹಳ್ಳ ತೋರಸ್ತೀರೇನು?" ಕಾಕಾ ಅರ್ಧ ರೊಟ್ಟಿ ಬಿಟ್ಟು ಕೈ ತೊಳೆದರು.

ಭಾನುವಾರ ಕಟ್ಟೆಯ ಮೇಲೆ ಆರಾಧನೆ. ಆ ದಿನ ಯಾರೂ ಹೊಲದ ಕೆಲಸ ಮುಟ್ಟಬಾರದೆಂದು ಸಭೆಗೆ ಕಲಿಸಿದವರೇ ಕಾಕಾ. ಎರಡನೆಯ ಹಾಡಿನ ನಡುವೆ ಇಳಕಲ್ಲಿನ ಕಡೆ ಗುಡುಗಿತು. ಕಾಕಾ ಸತ್ಯವೇದ ಮುಚ್ಚಿದರು. 'ಮೊಣಕಾಲೂರಿ, ಪ್ರಾರ್ಥನಿ ಮಾಡೂಣು' ಎನ್ನುತ್ತಾರೇನೋ ಎಂದು ನಾನು ಹೆದರಿದೆ. ಅವರು "ಇಳೀರಿ, ಎಲ್ಲಾರೂ ಕೆಳಗ ಇಳೀರಿ" ಅಂದು, ತಾವು ನಿಂತಿದ್ದ ಕಲ್ಲಿಗೇ ಹಾರೆ ಹಾಕಿದರು.

"ಇವತ್ತು ಐತವಾರ ಐತ್ರಿ" ಅಂದರು ಯಾರೋ.

"ಗೊತ್ತೈತಿ. ಹಿಡಿ."

ಕಲ್ಲುಗಳನ್ನು ಒಡ್ಡಿಗೆ ಸಾಗಿಸಲು ಹುಸೇನಸಾಬ ಚಕ್ಕಡಿ ಹೂಡಿಕೊಂಡು ಬಂದ. ಹೆಂಗಸರು ಮಣ್ಣು ಹೊತ್ತೆವು. ಕಂಡಿ ಮುಕ್ಕಾಲು ಮುಚ್ಚುವಷ್ಟರಲ್ಲಿ ದಪ್ಪ ಹನಿಗಳು ಬಿದ್ದವು, ಕಪ್ಪು ರಾಡಿ ನೀರು ಬಂದು ಹೊಸ ಮಣ್ಣನ್ನು ತಡವಿತು.

ಸೋಮವಾರ ಬೆಳಿಗ್ಗೆ ನಾನು ಶಾಲೆಯಲ್ಲಿರಬೇಕಿತ್ತು. ಅದಕ್ಕೆ ಅಂದೇ ಮಧ್ಯಾಹ್ನ ಹೊಲದ ಬದಿಯಲ್ಲೇ ಕೈ ಮಾಡಿ ಮೂರು ಗಂಟೆಯ ಬಸ್ಸು ನಿಲ್ಲಿಸಿದೆ. "ಕಾಕಾ, ಮನಿಗೆ ನಡೀರಿ, ನೆನೀತೀರಿ" ಎಂದು ಕೂಗಿದೆ.

"ನೀ ಹೋಗು ಮಗಳ. ನೀರು ಇಳಿಯೂತನಕ ಇಲ್ಲೇ ಇರ್ತೇನಿ. ಅಂವಾ ಬಂದ್ರೂ ಇಲ್ಲೇ ಸಿಗ್ತೇನಿ."

ಬಸ್ಸಿನ ಹಿಂದಿನ ಗಾಜಿನಿಂದ ನೋಡಿದೆ. ದಿನ್ನೆಯ ಮೇಲೆ ಕಟ್ಟೆ ಇರಲಿಲ್ಲ. ಕೆಳಗೆ ಒಡ್ಡಿನ ಮೇಲೆ ಕಾಕಾ ತಲೆಗೆ ಗೋಣಿಚೀಲ ಹೊದ್ದು, ಸಲಿಕೆ ಹಿಡಿದು, ನೀರನ್ನೇ ನೋಡುತ್ತ ನಿಂತಿದ್ದರು. ಹುನಗುಂದ ಮುಟ್ಟಿದರೂ ಮಳೆ ನಿಂತಿರಲಿಲ್ಲ.