ಕೆಂಡ ದಾಟುವ ಬಾಗಿಲು

ಬೆಳಿಗ್ಗೆಯಿಂದ ನಮ್ಮ ಬಾಡಿಗೆ ಮನೆಗಳ ಹಿತ್ತಲಲ್ಲಿ ಗಾರೆ ಕಲಸುವ ವಾಸನೆ. ಹಸಿ ಸುಣ್ಣದ ಆ ವಾಸನೆಗೆ ನಿಮಗೆ ಹೊಸ ಮನೆಯ ಸಂಭ್ರಮ ನೆನಪಾಗಬಹುದು. ನನಗೆ ಮಾತ್ರ ಇವತ್ತು ನಾಚಿಕೆಯಾಯಿತು. ಕಲ್ಯಾಣದುರ್ಗದಲ್ಲಿ ನನ್ನದೆಂದು ಇರುವುದು ಬಾಡಿಗೆಗೆ ಕೊಟ್ಟ ಮೂರು ಮನೆಗಳ ಒಂದು ಸಾಲು. ಅದಕ್ಕೆ ಬೆಂಕಿ ವಿಮೆ ಮಾಡಿಸಲು ಹೊರಟಿದ್ದೇನೆ. ಅಡುಗೆಮನೆಯಿಂದ ಅಡುಗೆಮನೆಗಿರುವ ಒಳಬಾಗಿಲುಗಳನ್ನು ಕಲ್ಲಿಟ್ಟು ಮುಚ್ಚಿಸಿದರೆ ಮಾತ್ರ ವಿಮೆ ಎಂದರು ಏಜೆಂಟರು. ನಾನು ತಲೆಯಾಡಿಸಿ ಮೇಸ್ತ್ರಿಯನ್ನು ಕರೆಸಿಬಿಟ್ಟೆ. ಕೋಟು ಹಾಕಿದವರು ಎದುರು ಕುಳಿತರೆ ನನ್ನ ತಲೆ ತಾನಾಗಿಯೇ ಆಡುತ್ತದೆ, ಏನು ಮಾಡುವುದು?

ನನ್ನ ಸೋದರತ್ತೆ ಗೌರಮ್ಮನ ತಲೆ ಹಾಗೆ ಆಡುತ್ತಿರಲಿಲ್ಲ. ಹಿಂದೂಪುರದಲ್ಲಿ ಆಕೆಯದು ನಾಲ್ಕು ಮನೆಗಳ ಸಾಲು. ಒಂದರಲ್ಲಿ ತಾನು, ಮೂರರಲ್ಲಿ ಬಾಡಿಗೆಯವರು. ಆ ಬಾಡಿಗೆಯೇ ಆಕೆಯ ಅನ್ನ. ನಾನು ಅಲ್ಲಿದ್ದು ಓದುತ್ತಿದ್ದಾಗ ವಿಮೆಯವನೊಬ್ಬ ಬಂದ. ಬೆಂಕಿ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವ ದಾರಿ ಇದೆಯೇ ಎಂದು ಕೇಳಿದ. ಅತ್ತೆಗೆ ಹೆಮ್ಮೆಯೋ ಹೆಮ್ಮೆ. ದಿನಾ ತನ್ನ ಒಲೆಯನ್ನೇ ಮೊದಲು ಹಚ್ಚುವುದು, ಆಮೇಲೆ ಬೆರಣಿ ಚೂರಿನ ಮೇಲೆ ಕೆಂಡವಿಟ್ಟು ಒಳಬಾಗಿಲಿನಿಂದ ಎಲ್ಲ ಮನೆಗೂ ದಾಟಿಸುವುದು, ಯಾರಿಗೂ ಬೆಂಕಿಪೊಟ್ಟಣದ ಖರ್ಚಿಲ್ಲ ಎಂದು ವಿವರವಾಗಿ ಹೇಳಿದಳು, ಬಾಗಿಲುಗಳನ್ನೂ ತೋರಿಸಿದಳು. ಆ ಮನುಷ್ಯನ ಮುಖ ನೋಡಬೇಕಿತ್ತು ನೀವು.

“ಆ ತಲುಪುಲು ಮೂಸೆಯ್ಯಂಡಮ್ಮಾ,” ಅಂದ. ಆ ಬಾಗಿಲುಗಳನ್ನು ಮುಚ್ಚಿಬಿಡಿ, ಇಲ್ಲದಿದ್ದರೆ ವಿಮೆ ಇಲ್ಲ.

“ಮುಚ್ಚಿದ್ರೆ ನಾಕು ಮನೆ ಆಯ್ತವೆ ಕಣಪ್ಪ. ಈಗ ಒಂದೇ ಐತೆ,” ಎಂದ ಅತ್ತೆ ಅವನಿಗೆ ಮಜ್ಜಿಗೆ ಕೊಟ್ಟು ಕಳಿಸಿದಳು. ನೆಂಟರು ಮೊಂಡಿ ಎಂದು ಬೈದರು. ಆಕೆ ಕಿವಿಗೆ ಹಾಕಿಕೊಳ್ಳಲಿಲ್ಲ.

ಹುಣಸೆ ಕಾಲ ಬಂತು. ಮೂರನೇ ಮನೆಯ ಓಬುಳಮ್ಮ ಮಂಡಿಯವರ ಹುಣಸೆಕಾಯಿ ತಂದು ಸಿಪ್ಪೆ ಬಿಡಿಸಿಕೊಡುತ್ತಿದ್ದಳು. ಬೀದಿ ಬಾಗಿಲ ಮುಂದೆ ಒಣ ಸಿಪ್ಪೆಯ ರಾಶಿ. ಒಂದು ಮಧ್ಯಾಹ್ನ ಅವಳು ಮಂಡಿಗೆ ಹೋಗಿದ್ದಾಗ ಯಾರೋ ದಾರಿಹೋಕ ಎಸೆದ ಬೀಡಿ ಆ ರಾಶಿಗೆ ಬಿತ್ತು. ಬಾಗಿಲು ಹತ್ತಿತು, ಸೂರು ಹತ್ತಿತು. ಒಳಗಿದ್ದದ್ದು ಅವಳ ಗಂಡನ ತಾಯಿ, ಎದ್ದು ಕೂರಲಾರದ ಮುದುಕಿ. ಬೀದಿಯ ಜನ ಕೂಗುತ್ತಾ ನಿಂತಿದ್ದರು. ಗೌರಮ್ಮತ್ತೆ ಒಳಬಾಗಿಲಿನಿಂದ ನುಗ್ಗಿದಳು, ಹಿಂದೆ ಪಕ್ಕದ ಮನೆಯವರು, ಎಲ್ಲರಿಗಿಂತ ಹಿಂದೆ ನಾನು. ಮುದುಕಿಯನ್ನು ಚಾಪೆ ಸಮೇತ ಎತ್ತಿ, ದಿನಾ ಕೆಂಡ ದಾಟುತ್ತಿದ್ದ ಬಾಗಿಲುಗಳಲ್ಲೇ ದಾಟಿಸಿ, ಅತ್ತೆಯ ಅಡುಗೆಮನೆಯಲ್ಲಿ ಮಲಗಿಸಿದೆವು.

ಆ ಮನೆಯ ಸೂರು ಪೂರ್ತಿ ಹೋಯಿತು. ಬಾಗಿಲು ಮುಚ್ಚಿಸಿದ್ದರೆ ಕಂಪನಿ ದುಡ್ಡು ಕೊಡುತ್ತಿತ್ತಲ್ಲ ಎಂದು ನೆಂಟರು ಮತ್ತೆ ಶುರು ಮಾಡಿದರು. ಅತ್ತೆ ಬೊಬ್ಬೆ ಎದ್ದ ಕೈಗೆ ಬೆಣ್ಣೆ ಸವರಿಕೊಳ್ಳುತ್ತಿದ್ದಳು.

“ಸೂರಿಗೆ ದುಡ್ಡು ಕೊಡೋರು, ದಿಟ. ಮುದುಕೀನ ಎಲ್ಲಿಂದ ತಂದ್ಕೊಡೋರು?”

ಕಲ್ಯಾಣದುರ್ಗದಲ್ಲಿ ಮನೆ ಕಟ್ಟಿಸುವಾಗ ನಾನು ಒಳಬಾಗಿಲು ಇಡಿಸಿದ್ದು ಆಕೆಯನ್ನು ನೋಡಿಯೇ. ಇವತ್ತು ಅದಕ್ಕೆ ಕಲ್ಲು ತರಿಸಿದವನೂ ನಾನೇ.

“ಕಲ್ಲು ಇಡ್ಲಾ ಅಣ್ಣ?” ಎಂದು ಮೇಸ್ತ್ರಿ ಕರಣೆ ಹಿಡಿದು ಕೇಳಿದ.

ಬೇಡ ಎಂದೆ. ಬಾಗಿಲ ಚೌಕಟ್ಟುಗಳು ಅಲ್ಲಾಡುತ್ತಿವೆ, ಆ ಗಾರೆಯಲ್ಲಿ ಅವನ್ನೇ ಗಟ್ಟಿಯಾಗಿ ಕೂರಿಸು ಎಂದೆ. ನಾಳೆ ಏಜೆಂಟರು ನೋಡಲು ಬರುತ್ತಾರಂತೆ. ಬರಲಿ. ಮೊದಲನೇ ಮನೆಯಿಂದ ಒಳಗೊಳಗೇ ಕರೆದುಕೊಂಡು ಹೋಗಿ, ಕೊನೆಯ ಮನೆಯಲ್ಲಿ ಮಜ್ಜಿಗೆ ಕೊಟ್ಟು ಕಳಿಸುತ್ತೇನೆ.